ಬಿಯರ್‌ನ ಪರಿಮಳ ಅಳೆಯುವ ವಿದ್ಯೆ ನಲ್ಲಿ ನೀರಿಗೆ ಬಂದಾಗ

1970ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ ಯೊಹಾನೆಸ್ ರೋಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಅದಕ್ಕೂ ಮೊದಲು ಅವರು ಬಿಯರ್ ತಯಾರಿಕೆಯಲ್ಲಿ ಕೆಲಸ ಮಾಡಿದವರು. ಬಿಯರ್‌ನ ಪರಿಮಳ ಅಳೆಯಲು ಅಲ್ಲೊಂದು ಉಪಾಯವಿತ್ತು: ಮುಚ್ಚಿದ ಶೀಶೆಯಲ್ಲಿ ದ್ರವದ ಮೇಲೆ ನಿಂತ ಗಾಳಿಯನ್ನಷ್ಟೇ ಸೂಜಿಯಿಂದ ಎಳೆದು ಅದರಲ್ಲಿನ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರಕ್ಕೆ ಕೊಡುವುದು. ರೋಕ್ ಅದನ್ನೇ ಕುಡಿಯುವ ನೀರಿಗೆ ಹಚ್ಚಿದರು.

ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕ್ಲೋರೊಫಾರ್ಮ್ ಕಂಡಿತು. ಜೊತೆಗೆ ಬ್ರೋಮಿನ್ ಸೇರಿದ ಅದರ ಮೂರು ಸೋದರ ವಸ್ತುಗಳು. ನದಿಯಿಂದ ನೇರ ತಂದ ನೀರಿನಲ್ಲಿ ಇವು ಹಾಗೆ ಇರಲಿಲ್ಲ. ಅಂದರೆ ಯಾವ ಕಾರ್ಖಾನೆಯೂ ಇವನ್ನು ಹೊಳೆಗೆ ಬಿಟ್ಟಿರಲಿಲ್ಲ, ಶುದ್ಧೀಕರಣ ಘಟಕದೊಳಗೇ ಹುಟ್ಟುತ್ತಿದ್ದವು.

ಅಮೆರಿಕದ ಜೆರ್ಸಿ ಸಿಟಿಯ ನೀರಿಗೆ ಸತತವಾಗಿ ಕ್ಲೋರಿನ್ ಬೆರೆಸತೊಡಗಿದ್ದು 1908ರಲ್ಲಿ. ಇಷ್ಟು ವರ್ಷ ಇದು ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದರ ಉತ್ತರ. ನೀರಿನ ಸಾವಯವ ಕಲ್ಮಶ ಅಳೆಯಲು ಅಮೆರಿಕದಲ್ಲಿ ಬಳಕೆಯಲ್ಲಿದ್ದ ವಿಧಾನದಲ್ಲಿ ನೀರನ್ನು ಇದ್ದಿಲಿನ ಮೂಲಕ ಹರಿಸಿ, ಇದ್ದಿಲಿಗೆ ಅಂಟಿದ್ದನ್ನು ಕ್ಲೋರೊಫಾರ್ಮ್‌ನಲ್ಲೇ ಕರಗಿಸಿ, ಆಮೇಲೆ ಆ ಕ್ಲೋರೊಫಾರ್ಮ್ ಅನ್ನು ಆವಿ ಮಾಡಿ, ಉಳಿದದ್ದನ್ನು ತೂಗುತ್ತಿದ್ದರು. ಹುಡುಕಬೇಕಾದ ವಸ್ತು ಪರೀಕ್ಷೆಯ ವಿಧಾನದಲ್ಲೇ ಹಾರಿಹೋಗುತ್ತಿತ್ತು.

ಮೂಲ ಯಾವುದು? ಕೊಳೆತ ಎಲೆ, ಬೇರು, ಮಣ್ಣಿನಿಂದ ನೀರಿಗಿಳಿದು ತಿಳಿ ಕಂದು ಬಣ್ಣ ಕೊಡುವ ಹ್ಯೂಮಿಕ್ ಪದಾರ್ಥಗಳ ಮೇಲೆ ಕ್ಲೋರಿನ್ ಎರಗಿದಾಗ ಇವು ಹುಟ್ಟುತ್ತವೆ ಎಂದು ರೋಕ್ ತೋರಿಸಿದರು. ಬ್ರೋಮಿನ್‌ನ ಗುಟ್ಟೂ ಬಯಲಾಯಿತು: ನೀರಿನಲ್ಲಿರುವ ಬ್ರೋಮೈಡ್ ಲವಣವನ್ನು ಕ್ಲೋರಿನ್ ಬ್ರೋಮಿನ್ ಆಗಿ ಬದಲಿಸುತ್ತದೆ, ಆ ಬ್ರೋಮಿನ್ನೂ ಇದೇ ಪದಾರ್ಥಗಳಿಗೆ ಅಂಟುತ್ತದೆ. 1974ರಲ್ಲಿ ರೋಕ್ ಇದನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದ ಸಿನ್ಸಿನ್ನಾಟಿಯಲ್ಲಿ ಥಾಮಸ್ ಬೆಲ್ಲರ್ ಮತ್ತು ಸಂಗಡಿಗರು, ನೀರಿನೊಳಗೆ ಅನಿಲ ಊದಿ ಹೊರಟ ಆವಿಯನ್ನು ಹಿಡಿಯುವ ಬೇರೆ ದಾರಿಯಿಂದ, ಅಲ್ಲಿಗೇ ಬಂದು ಮುಟ್ಟಿದರು.

ಮುಂದಿನದು ಬೇಗ ನಡೆಯಿತು. 1974ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಕುಡಿಯುವ ನೀರಿನ ಸುರಕ್ಷತೆಯ ಕಾನೂನು ಬಂತು. 1975ರಲ್ಲಿ 80 ನಗರಗಳ ನೀರನ್ನು ಪರೀಕ್ಷಿಸಿದಾಗ ಈ ವಸ್ತುಗಳು ಎಲ್ಲೆಡೆ ಹರಡಿರುವುದು ಗೊತ್ತಾಯಿತು. ಹೆಚ್ಚಿನ ಪ್ರಮಾಣದ ಕ್ಲೋರೊಫಾರ್ಮ್ ಇಲಿಗಳಲ್ಲಿ ಕ್ಯಾನ್ಸರ್ ತರುತ್ತದೆಂಬ ವರದಿ 1976ರದು. 1979ರಲ್ಲಿ ನಾಲ್ಕೂ ಸೇರಿ ಲೀಟರಿಗೆ 0.10 ಮಿಲಿಗ್ರಾಂ ಮೀರಬಾರದೆಂದು ಮಿತಿ ಬಂತು. ಈಗ ಅದು 0.08.

ಇದನ್ನು ಓದಿ ಕ್ಲೋರಿನ್ ಬೇಡವೆನ್ನುವವರಿದ್ದರೆ ನಾನು ಖಂಡಿತ ಒಪ್ಪುವುದಿಲ್ಲ. ಕಾಲರಾ, ಟೈಫಾಯಿಡ್‌ಗಳನ್ನು ದೂರವಿಟ್ಟಿದ್ದು ಅದೇ. ನೆದರ್ಲೆಂಡ್ಸ್ ಇಂದು ಕ್ಲೋರಿನ್ ಉಳಿಕೆಯಿಲ್ಲದ ನೀರು ಹರಿಸುತ್ತದೆ ನಿಜ, ಆದರೆ ಅಲ್ಲಿನ ಪೈಪುಗಳಲ್ಲಿ ನೀರು ಸದಾ ಒತ್ತಡದಲ್ಲಿರುತ್ತದೆ. ನಮ್ಮ ಊರುಗಳಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುವಾಗ, ಖಾಲಿ ಪೈಪಿನ ಬಿರುಕಿನಿಂದ ಚರಂಡಿ ಒಳಬರುವ ಭಯ ಇದ್ದೇ ಇದೆ. ಮಾಡಬೇಕಾದದ್ದು ಬೇರೆ: ಆಲಂ ಹಾಕಿ ಕಲ್ಮಶವನ್ನು ಮೊದಲು ಚೆನ್ನಾಗಿ ತಳಕ್ಕಿಳಿಸಿ, ಸೋಸಿ, ಕ್ಲೋರಿನ್ ಅನ್ನು ಕೊನೆಯಲ್ಲಿ ಬೆರೆಸುವುದು. ಭಾರತೀಯ ಮಾನಕ ಐಎಸ್ 10500 ಕ್ಲೋರೊಫಾರ್ಮ್‌ಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿ ಹಾಕಿದೆ. ಕೆರೆ, ಜಲಾಶಯದ ನೀರು ಕೊಡುವ ಪ್ರತಿ ನಗರಸಭೆಯೂ, ಮೊದಲ ಮಳೆಗೆ ನೀರು ಕೆಂಪಾದಾಗಲಾದರೂ, ಇದನ್ನು ಅಳೆದು ಫಲಿತಾಂಶವನ್ನು ಜನರ ಮುಂದಿಡಬೇಕು.