ಇಪ್ಪತ್ತೆಂಟು ಮಣಿ, ಅರ್ಧ ಮಿಲಿಲೀಟರ್ ಲೋಳೆ

1952ರಲ್ಲಿ ರಾಮನಗರ ಮತ್ತು ಅದರ ಸುತ್ತಲ ಹಳ್ಳಿಗಳ ಹೆಂಗಸರ ಕೈಗೆ ಒಂದು ಮಣಿಸರ ಬಂತು. ಸರದಲ್ಲಿ 28 ಮಣಿ. ಮುಟ್ಟಾದ ದಿನದಿಂದ ಶುರು ಮಾಡಿ ದಿನಕ್ಕೊಂದು ಮಣಿಯನ್ನು ಆಚೆ ಸರಿಸಬೇಕು. ಹಸಿರು ಮಣಿಯ ದಿನ ಗಂಡ ಹೆಂಡಿರು ಕೂಡಿದರೆ ಬಸಿರಾಗುವ ಭಯವಿಲ್ಲ, ಕೆಂಪು ಮಣಿಯ ದಿನ ದೂರ ಇರಬೇಕು. ಸ್ವತಂತ್ರ ಭಾರತ ಕುಟುಂಬ ಯೋಜನೆಗೆ ಕೈಹಾಕಿದಾಗ ಮೊದಲು ಪರೀಕ್ಷೆಗೆ ಇಳಿಸಿದ ಉಪಾಯಗಳಲ್ಲಿ ಇದೂ ಒಂದು. ಆ ಪರೀಕ್ಷೆಗೆ ದೇಶದಲ್ಲಿ ಆರಿಸಿದ್ದು ಎರಡು ಜಾಗ: ದೆಹಲಿಯಲ್ಲಿ ಸರ್ಕಾರಿ ನೌಕರರು ವಾಸವಿದ್ದ ಲೋಧಿ ಕಾಲೊನಿ, ಮೈಸೂರು ರಾಜ್ಯದಲ್ಲಿ ಆಗಿನ ರಾಮನಗರಂ.

ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಜೊತೆ ಬಾಳಿದವರು. ಔಷಧಿ, ಸಾಧನಗಳಿಗಿಂತ ಸಂಯಮದ ದಾರಿಯೇ ಸರಿ ಎಂಬುದು ಅವರ ನಂಬಿಕೆ. ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೇಳಿತು. ಸಂಸ್ಥೆ ನ್ಯೂಯಾರ್ಕಿನ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಮೊದಲ ಪಂಚವಾರ್ಷಿಕ ಯೋಜನೆ ಇಡೀ ದೇಶದ ಕುಟುಂಬ ಯೋಜನೆಗೆ ತೆಗೆದಿಟ್ಟ ಹಣ 65 ಲಕ್ಷ ರೂಪಾಯಿ. ಮೈಸೂರಿಗೆ ಈ ಮಾತು ಹೊಸದೇನಲ್ಲ. 1930ರಲ್ಲೇ ಮಹಾರಾಜರ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಒಂದು ಸರ್ಕಾರ ತಾನೇ ಮುಂದಾಗಿ ಹೀಗೆ ಮಾಡಿದ್ದು ಪ್ರಪಂಚದಲ್ಲೇ ಮೊದಲು.

ಮಣಿಸರ ಸೋತಿತು. ಸೋತ ಬಗೆಯನ್ನು ಎಷ್ಟೋ ಜನ ನಗುತ್ತಾ ಬರೆದಿದ್ದಾರೆ: ಕತ್ತಲಲ್ಲಿ ಬಣ್ಣ ತಿಳಿಯಲಿಲ್ಲ, ಸರಿಸುವುದು ಮರೆತುಹೋಯಿತು, ಕೆಲವರು ಅದನ್ನು ತಾಯಿತದಂತೆ ನಂಬಿ ಹಸಿರು ಮಣಿಯನ್ನು ಮುಂದಕ್ಕೆ ತಳ್ಳಿಬಿಟ್ಟರು ಎಂದೆಲ್ಲ. ಈ ನಗೆಯನ್ನು ನಾನು ಒಪ್ಪುವುದಿಲ್ಲ. ಕಲಿಯಬೇಕೆಂದು ಆಸೆಪಟ್ಟವರು ರಾಮನಗರದಲ್ಲಿ ಬಹಳ ಮಂದಿ ಇದ್ದರು. ತಪ್ಪು ಅವರದಲ್ಲ, ಎಣಿಕೆಯದು.

ಸರದ ಹಿಂದಿದ್ದ ಲೆಕ್ಕ ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲಿ ಕಂಡುಕೊಂಡದ್ದು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡ ಬಿಡುಗಡೆಯಾಗುತ್ತದೆ ಎಂಬುದು ಅದರ ಸಾರ. ಮಾತು ನಿಜವೇ. ಆದರೆ ‘ಮುಂದಿನ ಮುಟ್ಟು’ ಯಾವತ್ತು ಎಂದು ಮೊದಲೇ ಹೇಳುವವರು ಯಾರು? ಜ್ವರ, ಉಪವಾಸ, ಬಾಣಂತನ, ಹಾಲೂಡಿಸುವುದು, ಮೈಮುರಿಯುವ ದುಡಿಮೆ, ಒಂದೊಂದೂ ದಿನವನ್ನು ಆಚೀಚೆ ಎಳೆಯುತ್ತವೆ. 2000ದಲ್ಲಿ ಅಮೆರಿಕದ ಸಂಶೋಧಕ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 213 ಹೆಂಗಸರ 696 ಋತುಚಕ್ರಗಳ ಲೆಕ್ಕ ಕೊಟ್ಟರು. ಬಸಿರು ನಿಲ್ಲುವ ದಿನಗಳು ಪುಸ್ತಕದಲ್ಲಿ ಹೇಳಿದಂತೆ 10ರಿಂದ 17ನೇ ದಿನದೊಳಗೇ ಪೂರ್ತಿ ಬಿದ್ದದ್ದು ಸುಮಾರು ಶೇಕಡಾ 30 ಹೆಂಗಸರಲ್ಲಿ ಮಾತ್ರ. ಅವರಲ್ಲಿ ಹೆಚ್ಚಿನವರು ಮುಟ್ಟು ಸರಿಯಾಗಿ ಬರುತ್ತದೆ ಎನ್ನುತ್ತಿದ್ದವರೇ. ಹೀಗಿರುವಾಗ 28 ಮಣಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸರಿಸಿದ್ದರೂ ರಾಮನಗರದ ತಾಯಂದಿರು ಗೆಲ್ಲುವುದು ಕಷ್ಟವಿತ್ತು. ಸರ ಹೇಳುತ್ತಿದ್ದುದು ಹೋದ ತಿಂಗಳುಗಳ ಸುದ್ದಿ. ಬೇಕಾಗಿದ್ದುದು ಈ ತಿಂಗಳಿನದು.

ಈ ತಿಂಗಳ ಸುದ್ದಿ ಅವರ ಮೈಯಲ್ಲೇ ಇತ್ತು, ದಿನವೂ ಬದಲಾಗುತ್ತಾ.

ಗರ್ಭಕೋಶದ ಬಾಯಿಗೆ ಗರ್ಭಕಂಠ ಎನ್ನುತ್ತಾರೆ. ಎರಡೂವರೆ ಮೂರು ಸೆಂಟಿಮೀಟರ್ ಉದ್ದದ ಕಿರುದಾರಿ. ಅದರ ಗೋಡೆಯ ಮಡಿಕೆಗಳಲ್ಲಿ ಲೋಳೆ ಊರುತ್ತದೆ. ತಿಂಗಳ ಹೆಚ್ಚಿನ ದಿನ ಅದು ದಿನಕ್ಕೆ ಒಂದು ಮಿಲಿಲೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಎರಡು ಹನಿಯಷ್ಟೂ ಇಲ್ಲ. ಅಂಡ ಬಿಡುಗಡೆ ಹತ್ತಿರವಾದಂತೆ ಅರ್ಧ ಮಿಲಿಲೀಟರಿಗೆ ಏರುತ್ತದೆ. ಐದು ಪಟ್ಟು ಹೆಚ್ಚಿದರೂ ಸುಮಾರು ಹತ್ತು ಹನಿ, ಔಷಧದ ಚಿಕ್ಕ ಚಮಚದಲ್ಲಿ ಹತ್ತನೇ ಒಂದು ಭಾಗ. ಒಂದು ಸಂತತಿ ಮುಂದುವರಿಯುವುದೂ ನಿಲ್ಲುವುದೂ ಈ ಹತ್ತು ಹನಿಯಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಅಳತೆಗಿಂತ ಗುಣ ಇನ್ನೂ ಬೆರಗಿನದು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣ ಒಣ. ಆಮೇಲೆ ಅಂಟಂಟಾದ, ಮಬ್ಬು ಬಣ್ಣದ ಲೋಳೆ. ಈಸ್ಟ್ರೋಜನ್ ಎಂಬ ಹಾರ್ಮೋನ್ ಏರಿದ ಹಾಗೆ ಅದು ತೆಳುವಾಗಿ, ತಿಳಿಯಾಗಿ, ಜಾರುವಂತಾಗಿ ಹಸಿ ಮೊಟ್ಟೆಯ ಬಿಳಿಯಂತಾಗುತ್ತದೆ. ಎರಡು ಬೆರಳ ನಡುವೆ ಹಿಡಿದು ಎಳೆದರೆ 8-10 ಸೆಂಟಿಮೀಟರ್ ಕಡಿಯದೆ ಬರುತ್ತದೆ. ಉಳಿದ ದಿನ ನೀರಿನಂಶ ನೂರಕ್ಕೆ ಸುಮಾರು 90 ಇದ್ದದ್ದು ಈಗ 98ರ ಹತ್ತಿರ. ನೀರು ಹೆಚ್ಚಿದ್ದು ಎಂಟು ಭಾಗವಷ್ಟೇ ಎನ್ನಬೇಡಿ. ನೀರಲ್ಲದ್ದು ಹತ್ತರಿಂದ ಎರಡಕ್ಕೆ ಇಳಿಯಿತು. ಎಳೆಗಳ ಜಾಲ ಸಡಿಲಾಗಿ ನಡುವೆ ದಾರಿ ತೆರೆಯಿತು. ಇನ್ನೊಂದು ಲೆಕ್ಕವೂ ಇದೆ. ಯೋನಿಯೊಳಗೆ ಹುಳಿ ಹೆಚ್ಚು, ಪಿಹೆಚ್ ಸುಮಾರು 4. ವೀರ್ಯಾಣು ಅಲ್ಲಿ ಕೆಲವೇ ಗಂಟೆ ಬಾಳುತ್ತದೆ. ಈ ದಿನಗಳ ಲೋಳೆಯ ಪಿಹೆಚ್ 7ರ ಮೇಲೆ. ಪಿಹೆಚ್ ಲೆಕ್ಕದಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು, ಮೂರು ಮೆಟ್ಟಿಲೆಂದರೆ ಸಾವಿರ ಪಟ್ಟು. ಹುಳಿಯಲ್ಲಿ ಗಂಟೆಗಳಲ್ಲಿ ಸಾಯಬೇಕಾದ ವೀರ್ಯಾಣು ಈ ಲೋಳೆಯ ಆಸರೆಯಲ್ಲಿ ಐದು ದಿನದವರೆಗೂ ಬದುಕಬಲ್ಲದು.

ಒಂದು ಸಲ ಹೊರಡುವ ವೀರ್ಯಾಣುಗಳು ಸುಮಾರು 20 ಕೋಟಿ. 2011ರ ಗಣತಿಯಲ್ಲಿ ಇಡೀ ಕರ್ನಾಟಕದ ಜನ 6.11 ಕೋಟಿ, ಅದರ ಮೂರು ಪಟ್ಟಿಗೂ ಹೆಚ್ಚು. ಪ್ರತಿಯೊಂದೂ ಬಾಲ ಸೇರಿ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಉದ್ದ. ಲೋಳೆಯ ಜಾಲ ಸೊಟ್ಟ ಬಾಲದವನ್ನೂ ಕುಂಟುವವನ್ನೂ ಅಲ್ಲೇ ತಡೆಯುತ್ತದೆ. ಅಂಡನಾಳದಲ್ಲಿ ಅಂಡ ಕಾಯುವ ಜಾಗದ ತನಕ ಮುಟ್ಟುವುದು ಕೆಲವು ನೂರು ಮಾತ್ರ. ಇನ್ನೂರು ಎಂದಿಟ್ಟುಕೊಂಡರೆ ಹತ್ತು ಲಕ್ಷಕ್ಕೆ ಒಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ಜಿಲ್ಲೆಯಾದವು; 2011ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 10,82,636. ಈ ನಾಲ್ಕೂ ತಾಲ್ಲೂಕಿನ ಮಕ್ಕಳು ಮುದುಕರಾದಿಯಾಗಿ ಎಲ್ಲರೂ ಹೊರಟು ಒಬ್ಬರು ಗುರಿ ಮುಟ್ಟಿದರೆ ಎಷ್ಟೋ, ಅಷ್ಟು.

ಅತ್ತ ಅಂಡದ ಕಡೆ ಇನ್ನೂ ಬಿಗಿ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳದ್ದಿರುವಾಗ ಅದರ ಅಂಡಾಶಯದಲ್ಲಿ ಅಂಡಕಣಗಳು 60-70 ಲಕ್ಷ. ಹುಟ್ಟುವಾಗ ಉಳಿದದ್ದು 10-20 ಲಕ್ಷ, ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಅವುಗಳಲ್ಲಿ ಪಕ್ವವಾಗಿ ಹೊರಬರುವುದು ಬಾಳಿನುದ್ದಕ್ಕೂ ಸುಮಾರು 400. ಈ ಸಂಖ್ಯೆ ನಮ್ಮ ರೇಷ್ಮೆ ಸೀಮೆಯವರಿಗೆ ಹೊಸದಲ್ಲ. ಕನಕಪುರದ ರೈತ ‘ನೂರು ಮೊಟ್ಟೆ ಮೇಯಿಸಿದೆ’ ಎಂದಾಗ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರ್ಥ. ಒಂದೊಂದು ಚಿಟ್ಟೆಯದು 400-500. ಮಾಗಡಿ ಕಡೆಯ ಬಿತ್ತನೆ ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಇಟ್ಟು ಮುಗಿಸುವುದನ್ನು ಹೆಣ್ಣಿನ ಮೈ ಒಂದೊಂದಾಗಿ ಮೂವತ್ತೈದು ವರ್ಷಗಳಿಗೆ ಹಂಚುತ್ತದೆ.

ಹೊರಬಂದ ಅಂಡ ಬಾಳುವುದು 12ರಿಂದ 24 ಗಂಟೆ. 400 ಅಂಡ, ಒಂದೊಂದಕ್ಕೆ ಹೆಚ್ಚೆಂದರೆ ಒಂದು ದಿನ: ಇಡೀ ಬಾಳಿನಲ್ಲಿ 400 ದಿನ, ಒಂದು ವರ್ಷದ ಮೇಲೆ ಐದು ವಾರ. ಅಂಡದ ಆಯುಸ್ಸು ಮಾತ್ರವೇ ಲೆಕ್ಕವಾಗಿದ್ದರೆ ಬಸಿರು ನಿಲ್ಲುವುದೇ ಅಪರೂಪವಾಗಿಬಿಡುತ್ತಿತ್ತು. ಅದನ್ನು ಹಿಗ್ಗಿಸುವುದು ಲೋಳೆ. ಅಂಡ ಬರುವ ಮೊದಲೇ ಬಂದ ವೀರ್ಯಾಣುವನ್ನು ಅದು ಕಾಪಾಡಿಕೊಳ್ಳುವುದರಿಂದ ಒಂದು ದಿನದ ಅವಕಾಶ ಆರು ದಿನವಾಗುತ್ತದೆ. ಇದೇ ವಿಲ್ಕಾಕ್ಸ್ ತಂಡ 1995ರಲ್ಲಿ 221 ಹೆಂಗಸರನ್ನು ಗಮನಿಸಿ ಈ ಆರು ದಿನಗಳನ್ನು ಗುರುತಿಸಿತು: ಅಂಡ ಬಿಡುಗಡೆಯ ದಿನ, ಅದಕ್ಕೆ ಹಿಂದಿನ ಐದು ದಿನ. ಐದು ದಿನ ಮೊದಲು ಕೂಡಿದರೆ ಬಸಿರಾಗುವ ಸಾಧ್ಯತೆ ನೂರಕ್ಕೆ 10, ಬಿಡುಗಡೆಯ ದಿನವೇ ಆದರೆ 33. ಮರುದಿನಕ್ಕೆ ಬಾಗಿಲು ಮುಚ್ಚಿತು. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಏರಿ ಲೋಳೆ ಮತ್ತೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ. ಪ್ರೊಜೆಸ್ಟರಾನ್ ಬಗೆಯ ಹಾರ್ಮೋನ್ ಮಾತ್ರ ಇರುವ ಗುಳಿಗೆಗಳು ಕೆಲಸ ಮಾಡುವುದು ಬಹುಮಟ್ಟಿಗೆ ಲೋಳೆಯ ಈ ಗುಣವನ್ನೇ ಹಿಡಿದು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುತ್ತಿರುವ ಮೂರು ತಿಂಗಳ ‘ಅಂತರಾ’ ಚುಚ್ಚುಮದ್ದು ಮುಖ್ಯವಾಗಿ ಅಂಡ ಬಿಡುಗಡೆಯನ್ನು ತಡೆಯುವುದಾದರೂ ಲೋಳೆಯನ್ನೂ ಗಟ್ಟಿಮಾಡುತ್ತದೆ.

ರಾಮನಗರದಲ್ಲಿ ಮಣಿ ಸರಿಯುತ್ತಿದ್ದ ಕಾಲದಲ್ಲೇ, 1953ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಜಾನ್ ಬಿಲ್ಲಿಂಗ್ಸ್ ಎಂಬ ವೈದ್ಯರು ಹೆಂಗಸರನ್ನು ಕೂರಿಸಿಕೊಂಡು ನಿಮಗೆ ಕಾಣುವುದೇನು ಎಂದು ಕೇಳತೊಡಗಿದ್ದರು. ಮುಂದೆ ಅವರ ಹೆಂಡತಿ, ತಾವೂ ವೈದ್ಯೆಯಾಗಿದ್ದ ಎವೆಲಿನ್ ಜೊತೆಗೂಡಿದರು. ಹೊಸ ವಿಷಯವನ್ನೇನೂ ಅವರು ಹೆಂಗಸರಿಗೆ ಹೇಳಲಿಲ್ಲ. ಹೆಂಗಸರು ಆಗಲೇ ಕಂಡಿದ್ದುದನ್ನು ಸಾಲಾಗಿ ಬರೆಸಿದರು. ಒಣಗಿದ ದಿನ, ಅಂಟಿನ ದಿನ, ಜಾರುವ ದಿನ. ಜಾರುವಿಕೆಯ ಕೊನೆಯ ದಿನದ ಆಸುಪಾಸಿನಲ್ಲೇ ಅಂಡ ಬಿಡುಗಡೆ ಎಂಬುದನ್ನು ಆಮೇಲೆ ಹಾರ್ಮೋನ್ ಪರೀಕ್ಷೆಗಳು ಗಟ್ಟಿಮಾಡಿದವು.

ಹಾಗಾದರೆ ಓದು ಬರಹ ಬಾರದ ಹೆಂಗಸಿಗೆ ಇದು ತಿಳಿದೀತೇ? ಈ ಪ್ರಶ್ನೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳಲ್ಲಿ ಪರೀಕ್ಷೆ ಮಾಡಿ 1981ರಲ್ಲಿ ಉತ್ತರ ಪ್ರಕಟಿಸಿತು: ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರಿನ ಸಾನ್ ಮಿಗೆಲ್, ಮತ್ತು ನಮ್ಮ ಬೆಂಗಳೂರು. ಕಲಿಯಲು ಬಂದವರು 869 ಹೆಂಗಸರು, ಎಲ್ಲರೂ ಮಕ್ಕಳನ್ನು ಹೆತ್ತವರು; ಅಕ್ಷರ ಬಲ್ಲವರೂ ಇದ್ದರು, ಬಾರದವರೂ ಇದ್ದರು. ಮೊದಲ ತಿಂಗಳಲ್ಲೇ ತಮ್ಮ ಲೋಳೆಯ ಬದಲಾವಣೆಯನ್ನು ಗುರುತಿಸಿ ಸರಿಯಾಗಿ ದಾಖಲಿಸಿದವರು ಶೇಕಡಾ 93. ರಾಮನಗರದಿಂದ ಐವತ್ತು ಕಿಲೋಮೀಟರ್ ಆಚೆ, ಮಣಿಸರ ಬಂದು ಮೂರು ದಶಕ ಕಳೆಯುವುದರೊಳಗೆ ಬಂದ ಈ ಅಂಕಿಯನ್ನು ಓದಿದಾಗ ನನಗೆ ಹಿಗ್ಗೂ ಆಯಿತು, ಸಂಕಟವೂ ಆಯಿತು. 1952ರಲ್ಲಿ ನಗೆಪಾಟಲಾದವರ ಕೈಗೆ ಮಣಿಯ ಬದಲು ಈ ತಿಳಿವಳಿಕೆ ಬಂದಿದ್ದರೆ!

ಆದರೂ ಪೂರ್ತಿ ಲೆಕ್ಕ ಹೇಳಲೇಬೇಕು. ಆ ಪರೀಕ್ಷೆಯ ಎರಡನೇ ಹಂತದಲ್ಲಿ 725 ಹೆಂಗಸರ 7,514 ಋತುಚಕ್ರಗಳನ್ನು ಗಮನಿಸಿದರು. ನಿಯಮ ತಪ್ಪದೆ ನಡೆದರೂ ಬಸಿರಾದವರು ವರ್ಷಕ್ಕೆ ನೂರಕ್ಕೆ ಸುಮಾರು ಮೂವರು. ಎಲ್ಲರನ್ನೂ ಸೇರಿಸಿದರೆ ಇಪ್ಪತ್ತಕ್ಕೂ ಹೆಚ್ಚು. ನಡುವಿನ ಅಂತರದಲ್ಲಿ ದೊಡ್ಡ ಪಾಲು ಗೊತ್ತಿದ್ದೂ ದೂರ ಇರಲಾಗದ ದಿನಗಳದು. ಗುರುತಿಸುವುದು ಹೆಣ್ಣಿನ ಕೈಲಿದೆ, ಆ ರಾತ್ರಿ ಬೇಡ ಎನ್ನುವುದು ಎಷ್ಟೋ ಮನೆಗಳಲ್ಲಿ ಅವಳ ಕೈಲಿಲ್ಲ. ಆದ್ದರಿಂದ ಬಸಿರು ಬೇಡವೇ ಬೇಡ ಎನ್ನುವವರು ಇದೊಂದನ್ನೇ ನೆಚ್ಚಬಾರದು.

ಮಣಿಸರವೂ ಮತ್ತೆ ಬಂದಿದೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಸರಕ್ಕೆ 32 ಮಣಿ. 8ರಿಂದ 19ನೇ ದಿನದವರೆಗಿನ 12 ಮಣಿ ಬಿಳಿ, ಆ ಬಿಳಿ ಮಣಿಗಳು ಕತ್ತಲಲ್ಲೂ ಹೊಳೆಯುತ್ತವೆ. ಆರು ದಿನದ ಬದಲು ಹನ್ನೆರಡು ದಿನ ಬಿಟ್ಟುಕೊಡುವುದರಿಂದ ಈ ಲೆಕ್ಕ ನಿಲ್ಲುತ್ತದೆ, ಅದೂ 26ರಿಂದ 32 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾತ್ರ.

ಈಗ ಪ್ರಶ್ನೆಯೂ ತಿರುವುಮುರುವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಮಕ್ಕಳು 1.7. ಬೇಡ ಎನ್ನುವವರ ಜೊತೆಗೆ, ಮದುವೆಯಾಗಿ ಎರಡು ವರ್ಷವಾದರೂ ನಿಲ್ಲಲಿಲ್ಲವೆಂದು ಹರಕೆ ಹೊರುವವರೂ, ಸಾಲ ಮಾಡಿ ಬೆಂಗಳೂರಿನ ಕ್ಲಿನಿಕ್ಕುಗಳಿಗೆ ಓಡಾಡುವವರೂ ಈ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಅವರಿಗೂ ಬೇಕಾದದ್ದು ಇದೇ ತಿಳಿವು. ಬಸಿರಾಗುವ ದಿನವನ್ನು ಊಹಿಸಲು, ಅಂಡ ಬಿಡುಗಡೆಯಿಂದ ಎಷ್ಟು ದಿನ ದೂರವಿದ್ದೇವೆ ಎಂಬ ಎಣಿಕೆಗಿಂತ ಆ ದಿನದ ಲೋಳೆಯ ಗುಣವೇ ಹೆಚ್ಚು ನೆರವು ಎಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಖರ್ಚಿಲ್ಲ, ಉಪಕರಣ ಬೇಕಿಲ್ಲ. ಆದರೆ ನಮ್ಮಲ್ಲಿ ತಿಂಗಳ ನಡುವೆ ತಿಳಿಯಾದ ಜಾರುವ ಲೋಳೆ ಕಂಡ ಹುಡುಗಿಗೆ ಸಿಗುವ ಉತ್ತರ ಬಿಳಿಸೆರಗು, ಮೈ ಕರಗುತ್ತಿದೆ, ನಿಶ್ಶಕ್ತಿ ಎಂಬ ಹೆದರಿಕೆ. ವಾಸನೆ, ತುರಿಕೆ, ಉರಿ, ಹಳದಿ ಹಸಿರು ಬಣ್ಣ, ಮೊಸರಿನಂಥ ಗಟ್ಟಿ ಇವು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ತಿಳಿಯಾದದ್ದು, ವಾಸನೆಯಿಲ್ಲದ್ದು, ನಾಲ್ಕಾರು ದಿನ ಬಂದು ತಾನೇ ನಿಲ್ಲುವಂಥದ್ದು ರೋಗವಲ್ಲ. ಅಂಡಾಶಯ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಬಸಿರು ನಿಂತರೆ ಲೋಳೆಯ ಕೆಲಸ ಬದಲಾಗುತ್ತದೆ. ಈಗ ಅದು ಗರ್ಭಕಂಠದಲ್ಲಿ ಬಿರಡೆಯಾಗಿ ಕೂತು ಹೊರಗಿನ ಸೋಂಕು ಮಗುವಿನತ್ತ ಏರದಂತೆ ಒಂಬತ್ತು ತಿಂಗಳು ಕಾಯುತ್ತದೆ. ದಿನ ತುಂಬುವ ಹೊತ್ತಿಗೆ ಆ ಬಿರಡೆಯ ತೂಕ ಸುಮಾರು 10 ಗ್ರಾಂ. ಬಸಿರಿಗೆ ದಾರಿ ತೆರೆದ ದಿನ ಊರಿದ ಲೋಳೆಯ ಇಪ್ಪತ್ತು ಪಟ್ಟು. ಹೆರಿಗೆ ಹತ್ತಿರವಾಗಿ ಅದು ರಕ್ತದ ಎಳೆ ಸೇರಿ ಜಾರಿದಾಗ ಗುರುತು ಕಾಣಿಸಿತು ಎನ್ನುತ್ತಾರೆ. ಅದಾಗಿ ಕೆಲವೇ ಗಂಟೆಗಳಲ್ಲಿ ನೋವು ಬರಬಹುದು, ಕೆಲವು ದಿನ ತಡವೂ ಆಗಬಹುದು.