ಹಸಿದವಳು ಕಟ್ಟಿದ ಮನೆ

ಪುಣೆಯ ಕೊಂಢವಾದಲ್ಲಿ ನಮ್ಮ ರಸ್ತೆಯ ತುದಿಯಲ್ಲಿ ಹೊಸ ಕಟ್ಟಡವೊಂದು ಏಳುತ್ತಿದೆ. ಅದರ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳಿವೆ. ಮಧ್ಯಾಹ್ನ ಮಿಕ್ಸರಿನ ಸದ್ದು ನಿಂತಾಗ ಹೆಂಗಸರು ಇಟ್ಟಿಗೆ ರಾಶಿಯ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಾರೆ. ಖಡಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಪುಣೆಯಲ್ಲಿ ವರ್ಷಗಟ್ಟಲೆ ಇದ್ದರೂ ಆ ಕನ್ನಡ ಕಿವಿಗೆ ಬಿದ್ದರೆ ನನ್ನ ಕಾಲು ನಿಲ್ಲುತ್ತದೆ. ಊರಿಂದ ಹ್ಯಾಂಗ ಬರ್ತೀರಿ ಎಂದು ಒಮ್ಮೆ ಕೇಳಿದೆ. ‘ರೈಲಿಗೇ ಬರ್ತೀವ್ರಿ ಅಣ್ಣಾರ. ಸೊಲ್ಲಾಪುರ, ದೌಂಡ್, ಆಮ್ಯಾಲ ಪುಣಾ’ ಎಂದಳು ಒಬ್ಬ ಹಿರಿಯಳು.

ದೌಂಡಿಗೂ ಪುಣೆಗೂ ನಡುವೆ ಕೇಡಗಾಂವ ಎಂಬ ಸಣ್ಣ ನಿಲ್ದಾಣವಿದೆ. ಕಲಬುರಗಿಯ ಕಡೆಯಿಂದ ಬರುವ ವೇಗದ ಗಾಡಿಗಳಲ್ಲಿ ಹೆಚ್ಚಿನವು ಅದನ್ನು ದಾಟಿ ಹೋಗಿಬಿಡುತ್ತವೆ. ಹಸಿವಿನ ಬಗ್ಗೆ, ಹಸಿದವರಿಗೆ ದೂರದೇಶದಿಂದ ಬರುವ ನೆರವಿನ ಬಗ್ಗೆ ತಿಳಿಯಬೇಕೆನ್ನುವವರು ಇಳಿಯಬೇಕಾದ ನಿಲ್ದಾಣ ಅದು. ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇರುವುದು ಅಲ್ಲಿ.

ಕೊಂಢವಾದಿಂದ ಉಂಡ್ರಿ, ಹಡಪಸರ ಹಾದು ಸೊಲ್ಲಾಪುರ ಹೆದ್ದಾರಿ ಹಿಡಿದರೆ ಯವತ ದಾಟಿದ ಮೇಲೆ ಚೌಫುಲಾ ಸಿಗುತ್ತದೆ. ಅಲ್ಲಿ ಎಡಕ್ಕೆ ಹೊರಳಬೇಕು. ಈಗ ದಾರಿಯುದ್ದಕ್ಕೂ ಕಬ್ಬು. ಬೆಲ್ಲದ ಪೇಟೆಯೆಂದೇ ಕೇಡಗಾಂವಕ್ಕೆ ಹೆಸರು, ಗಾಣದ ಹೊಗೆಯ ಸಿಹಿ ವಾಸನೆ ಊರು ಕಾಣುವ ಮೊದಲೇ ಮೂಗಿಗೆ ಬರುತ್ತದೆ. ನೂರಾ ಮೂವತ್ತು ವರ್ಷದ ಹಿಂದೆ ಹೀಗಿರಲಿಲ್ಲ. ರಮಾಬಾಯಿ ಇಲ್ಲಿ ಸುಮಾರು ನೂರು ಎಕರೆ ಕೊಂಡಾಗ ಅದು ಒಣನೆಲ. ಬಾವಿ ತೋಡಿಸಿ ಹಣ್ಣಿನ ತೋಟ ಹಾಕಿದರು. ಮಹಾರಾಷ್ಟ್ರದ ಸಮಾಜ ಸುಧಾರಣೆಯ ಚರಿತ್ರೆಯಲ್ಲಿ ಅವರ ಹೆಸರು ದೊಡ್ಡದು. ಆದರೆ ಅವರು ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಎದುರಾದ ವಿರೋಧದ ನಡುವೆ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಗುಡ್ಡಕ್ಕೆ ಹೋಗಿ ಮನೆ ಮಾಡಿದ ಮನುಷ್ಯ ಅವರು. ಕರ್ನಾಟಕದಲ್ಲಿ ಈ ಮಗಳನ್ನು ನಾವು ನೆನೆಯುವುದು ತೀರ ಕಡಿಮೆ. ನನಗೆ ಅದು ನೋವಿನ ಸಂಗತಿ.

ಆಸ್ತಿ ಕರಗಿದ ಮೇಲೆ ಆ ಕುಟುಂಬ ತೀರ್ಥಯಾತ್ರೆ ಮಾಡುತ್ತ, ಪುರಾಣ ಓದುತ್ತ ಊರೂರು ಅಲೆಯಿತು. 1870ರ ದಶಕದ ಬರ ಅವರನ್ನು ದಕ್ಷಿಣದಲ್ಲಿ ಹಿಡಿಯಿತು. ಬರದ ಅನುಭವವನ್ನು ರಮಾಬಾಯಿ ಮುಂದೆ ತಾವೇ ಬರೆದಿದ್ದಾರೆ. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣಿನ ಮೇಲೆ ಬದುಕಿದ್ದು. ಮೊದಲು ತಂದೆ ಹೋದರು. ತಾಯಿ ಸಾಯುವ ಮುಂಚೆ ಅನ್ನಕ್ಕಾಗಿ ಕನವರಿಸುತ್ತಿದ್ದಾಗ ನೆರೆಮನೆಗೆ ಬೇಡಲು ಹೋದ ಹುಡುಗಿಗೆ ಬಾಯಿಂದ ಮಾತೇ ಹೊರಡಲಿಲ್ಲ. ಆ ಮನೆಯ ಹೆಂಗಸು ಮುಖ ನೋಡಿಯೇ ತಿಳಿದು ಒಂದು ತುಂಡು ರೊಟ್ಟಿ ಕೊಟ್ಟಳು. ಸಜ್ಜಿ ರೊಟ್ಟಿ. ಅದನ್ನು ಅಗಿಯುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕು ಜನ ಸಿಗದೆ, ಕುಳ್ಳಗಿದ್ದ ರಮಾ ಚಟ್ಟದ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತಳು. ಅಕ್ಕನೂ ತೀರಿಕೊಂಡಳು. ಉಳಿದ ಅಣ್ಣ ತಂಗಿ ನಡೆಯುತ್ತಲೇ 1878ರಲ್ಲಿ ಕಲ್ಕತ್ತೆ ಸೇರಿದರು. ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಬಂದದ್ದು ಅಲ್ಲಿ.

ಅದೇ ಹೊತ್ತಿಗೆ ನಮ್ಮ ನಾಡು ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಬೇಯುತ್ತಿತ್ತು. ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಇಂದಿನ ವಿಜಯಪುರ, ಬಾಗಲಕೋಟೆ ಸೀಮೆಯಾದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಗೊತ್ತುಮಾಡಿದ. ಅರ್ಧ ಕಿಲೋಗೂ ಕಡಿಮೆ. ಇದರ ವಿರುದ್ಧ ದನಿಯೆತ್ತಿದ್ದು ಇದೇ ಪುಣೆಯ ಸಾರ್ವಜನಿಕ ಸಭಾ. 1870ರಲ್ಲಿ ಹುಟ್ಟಿದ ಆ ಸಂಸ್ಥೆ ಬರಪೀಡಿತ ಜಿಲ್ಲೆಗಳಿಂದ ವರದಿ ತರಿಸಿ ಸರ್ಕಾರದ ಮುಂದಿಟ್ಟಿತು. ಅಷ್ಟು ಕೂಲಿಗೆ ದುಡಿಯಲಾರೆವೆಂದು ಕಾಮಗಾರಿ ಬಿಟ್ಟು ಎದ್ದುಹೋದ ಕೂಲಿಗಳೂ ಇದ್ದರು. ಹೊಟ್ಟೆಯನ್ನು ತಕ್ಕಡಿಯಲ್ಲಿ ಹಾಕಿ ತೂಗುವ ಲೆಕ್ಕ ಅಂದಿಗೆ ಮುಗಿಯಲಿಲ್ಲ.

ರಮಾಬಾಯಿ ವಿಧವೆಯಾಗಿ, ಕೂಸನ್ನು ಕಟ್ಟಿಕೊಂಡು ಪುಣೆಗೆ ಬಂದದ್ದು 1882ರಲ್ಲಿ. ಇಂಗ್ಲೆಂಡಿಗೆ ಹೋದರು, ಕ್ರೈಸ್ತರಾದರು. 1886ರಲ್ಲಿ ಅಮೆರಿಕಕ್ಕೆ ಹೋಗಿ ಹಿಂದೂ ವಿಧವೆಯರ ಪಾಡನ್ನು ಊರೂರಿನಲ್ಲಿ ಹೇಳಿದರು, ಪುಸ್ತಕ ಬರೆದರು. 1887ರಲ್ಲಿ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಅಲ್ಲಿನ ಸಾಮಾನ್ಯ ಹೆಂಗಸರು ಗುಂಪು ಕಟ್ಟಿಕೊಂಡು ವರ್ಷಕ್ಕೊಂದು ಡಾಲರಿನಂತೆ ಹತ್ತು ವರ್ಷ ಕೊಡುವ ಮಾತು ಕೊಟ್ಟರು. ಅಂತರರಾಷ್ಟ್ರೀಯ ನೆರವು ಎಂಬ ಮಾತು ಕೇಳಿದಾಗ ನನ್ನ ಕಣ್ಣಿಗೆ ಬರುವುದು ಆ ಒಂದೊಂದು ಡಾಲರು. ಆ ಹಣದಿಂದ ನಡೆದ ಶಾರದಾ ಸದನ 1889ರಲ್ಲಿ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ಬಂತು.

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿ ಅಲ್ಲಿನ ಗಂಜಿಕೇಂದ್ರಗಳನ್ನೂ ಬಡವರ ಶಿಬಿರಗಳನ್ನೂ ಸ್ವತಃ ನೋಡಿದರು. ಕೊಳಕು, ರೋಗ, ಎಲುಬಿನ ಗೂಡಾದ ಮಕ್ಕಳು. ಅವರನ್ನು ಹೆಚ್ಚು ಕಲಕಿದ್ದು ಹಸಿದ ಹುಡುಗಿಯರ ಸುತ್ತ ಹೊಂಚುಹಾಕುತ್ತಿದ್ದ ಗಂಡಸರು. ಹಸಿವು ಗಂಡಿಗೂ ಹೆಣ್ಣಿಗೂ ಒಂದೇ ಬಗೆಯದಲ್ಲ ಎಂಬುದನ್ನು ಆ ಕಾಲದ ಪರಿಹಾರದ ನಿಯಮಗಳು ಕಂಡಿರಲಿಲ್ಲ, ಅವರು ಕಂಡರು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಹಾಗಾಗಿ ಕೇಡಗಾಂವದ ಹೊಲದಲ್ಲೇ ಗುಡಿಸಲು ಎದ್ದವು. 1898ರಲ್ಲಿ ಅದಕ್ಕೆ ‘ಮುಕ್ತಿ’ ಎಂಬ ಹೆಸರಾಯಿತು. ಗುಜರಾತಿನ ಬರದ ಮಕ್ಕಳೂ ಬಂದು ಸೇರಿದ ಮೇಲೆ, 1900ರ ಹೊತ್ತಿಗೆ ಅಲ್ಲಿ 1,500 ಜನ, ನೂರಕ್ಕೂ ಹೆಚ್ಚು ದನ.

ಆ ಮನೆಯ ಕ್ರಮವನ್ನು ಗಮನಿಸಬೇಕು. ಹೊಟ್ಟೆಗೆ ಹಾಕಿದ್ದು ಮೊದಲು, ಆಮೇಲೆ ಪ್ರತಿಯೊಬ್ಬಳ ಕೈಗೂ ಒಂದು ಕಸುಬು. ನೇಯ್ಗೆ, ಹೊಲಿಗೆ, ಹೈನು, ತೋಟ, ಮುದ್ರಣ. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಬರದಿಂದ ಉಳಿದ ಹುಡುಗಿಯರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲ್ ಅಚ್ಚಾದದ್ದು ಅವರ ಕೈಯಲ್ಲೇ. ಕುರುಡರಿಗೆ ಬರ್ತಿಮಿ ಸದನವೆಂಬ ಬೇರೆ ಮನೆ. ಮಗಳು ಮನೋರಮಾ ಬ್ರೈಲ್ ಕಲಿತು ಅವರಿಗೆ ಕಲಿಸಿದಳು. ಇದೇ ಮನೋರಮಾ 1912ರಲ್ಲಿ ತಾಯಿ ಗುಲಬರ್ಗಾದಲ್ಲಿ (ಇಂದಿನ ಕಲಬುರಗಿ) ತೆರೆದ ಕ್ರೈಸ್ತ ಹೈಸ್ಕೂಲಿಗೆ ಮುಖ್ಯಸ್ಥೆಯಾದಳು. ಇಂದು ಕೊಂಢವಾಕ್ಕೆ ಕೂಲಿಗಳನ್ನು ತರುವ ಅದೇ ರೈಲುದಾರಿ ಅಂದು ಕೇಡಗಾಂವದಿಂದ ಕಲಬುರಗಿಗೆ ಶಾಲೆಯೊಂದನ್ನು ಒಯ್ದಿತ್ತು.

ಮುಕ್ತಿಯ ಬಗ್ಗೆ ಬರೆದು ಮತದ ಮಾತು ಬಿಟ್ಟರೆ ತಪ್ಪಾಗುತ್ತದೆ. ವಿಧವೆಯರನ್ನು ಕ್ರೈಸ್ತಮತದತ್ತ ಸೆಳೆಯಲಾಗುತ್ತಿದೆ ಎಂಬ ಆಕ್ಷೇಪದ ಮೇಲೆ 1893ರಲ್ಲೇ ರಾನಡೆ, ಭಾಂಡಾರ್ಕರ್ ಅವರಂಥ ಸುಧಾರಕರು ಶಾರದಾ ಸದನದ ಸಲಹಾ ಮಂಡಳಿ ಬಿಟ್ಟು ಹೊರಬಂದರು. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು. ಅನ್ನದ ಜೊತೆಗೆ ದೇವರನ್ನೂ ಬಡಿಸಿದರೆ ಉಣ್ಣುವವಳು ಬೇಡವೆನ್ನಬಲ್ಲಳೇ? ಪ್ರಶ್ನೆ ನ್ಯಾಯವಾದದ್ದು, ಇಂದಿಗೂ ಕೇಳಬೇಕಾದದ್ದು. ಆದರೆ ಆ ಮುನ್ನೂರು ಹುಡುಗಿಯರಿಗೆ ಬೇರೆ ಬಾಗಿಲು ಯಾವುದು ತೆರೆದಿತ್ತು ಎಂಬುದನ್ನೂ ಜೊತೆಗೇ ಕೇಳಬೇಕು. ನಾನು ಎರಡನ್ನೂ ಹೊತ್ತುಕೊಂಡೇ ಆ ಆವರಣದಲ್ಲಿ ಸುತ್ತಾಡಿದೆ.

ನೆರವು ಬರಿಗೈಲಿ ಬಂದದ್ದು ಅಪರೂಪವೇ. 1900ರಲ್ಲಿ ನ್ಯೂಯಾರ್ಕಿನ ಕ್ರಿಶ್ಚಿಯನ್ ಹೆರಾಲ್ಡ್ ಪತ್ರಿಕೆ ಸಂಗ್ರಹಿಸಿದ ಎರಡು ಲಕ್ಷ ಬುಶೆಲ್ ಮೆಕ್ಕೆಜೋಳ ಹೊತ್ತು ‘ಕ್ವಿಟೊ’ ಎಂಬ ಹಡಗು ಮುಂಬಯಿಗೆ ಬಂತು. ಅರ್ಧ ಶತಮಾನ ಕಳೆದು, 1954ರಲ್ಲಿ ಅಮೆರಿಕ ತನ್ನ ಹೆಚ್ಚುವರಿ ಧಾನ್ಯಕ್ಕಾಗಿ ಪಿಎಲ್-480 ಕಾಯ್ದೆ ಮಾಡಿತು. 1956ರಲ್ಲಿ ಭಾರತ ಅದರಡಿ ಸಹಿ ಹಾಕಿತು. 1965-66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ಒಂದೊಂದಾಗಿ, ತಡೆತಡೆದು ಬಿಟ್ಟರು. ಶಾಸ್ತ್ರೀಜಿ ಸೋಮವಾರ ರಾತ್ರಿಯ ಊಟ ಬಿಡಿ ಎಂದು ದೇಶವನ್ನು ಕೇಳಿದ ಕಾಲ ಅದು. ಖಾಲಿ ನಿವೇಶನಗಳಲ್ಲಿ ಬೆಳೆದುನಿಲ್ಲುವ ಕಾಂಗ್ರೆಸ್ ಗಿಡ ಆ ಗೋಧಿಯೊಂದಿಗೆ ಬಂತೆಂದು ಜನ ನಂಬುತ್ತಾರೆ. ಅದು ದೇಶದಲ್ಲಿ ಮೊದಲು ಗಮನಕ್ಕೆ ಬಂದದ್ದು ಪುಣೆಯಲ್ಲೇ, 1955ರಲ್ಲಿ. ಒಪ್ಪಂದಕ್ಕಿಂತ ಒಂದು ವರ್ಷ ಮೊದಲು! ಗಿಡದ ಮೂಲ ಏನೇ ಇರಲಿ, ಕೈಚಾಚಿ ಪಡೆದ ಧಾನ್ಯದ ಮೇಲೆ ಜನಕ್ಕಿದ್ದ ಅನುಮಾನ ಆ ಕಥೆಯಲ್ಲಿ ಉಳಿದಿದೆ.

ನಾನೂ ಆ ಧಾನ್ಯ ಉಂಡವನೇ. ನಮ್ಮ ಶಾಲೆಗೆ ಕೇರ್ ಸಂಸ್ಥೆಯ ಗೋಧಿ ನುಚ್ಚು ಬರುತ್ತಿತ್ತು. ಎಣ್ಣೆಯ ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ. ಆ ಉಪ್ಪಿಟ್ಟಿನ ರುಚಿ ಮನೆಯದಲ್ಲ ಎಂದು ನಾಲಿಗೆಗೆ ಗೊತ್ತಾಗುತ್ತಿತ್ತು. ಆದರೂ ಅದಕ್ಕಾಗಿ ಶಾಲೆ ತಪ್ಪಿಸದ ಗೆಳೆಯರಿದ್ದರು, ಮುತ್ತುಗದ ಎಲೆಯಲ್ಲಿ ಮಡಚಿ ಮನೆಯ ತಮ್ಮನಿಗೆ ಒಯ್ಯುವವರಿದ್ದರು. 2002ರಲ್ಲಿ ಕಲಬುರಗಿ ಸೀಮೆಯೂ ಸೇರಿದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಶಾಲೆಯಲ್ಲೇ ಬಿಸಿ ಅನ್ನ ಸಾರು ಬೆಂದಾಗ ಅವರೆಲ್ಲ ನೆನಪಾದರು.

ಈಗ ದಿಕ್ಕು ತಿರುಗಿದೆ. ಅಫ್ಘಾನಿಸ್ತಾನಕ್ಕೆ 50,000 ಟನ್ ಗೋಧಿ ಕೊಡುವ ಮಾತು ಕೊಟ್ಟ ಭಾರತ 2022ರಲ್ಲಿ ಅದನ್ನು ಕಳಿಸತೊಡಗಿತು. ಅಟಾರಿ ಗಡಿಯಿಂದ ಆಫ್ಘನ್ ಲಾರಿಗಳು ಅದನ್ನು ಜಲಾಲಾಬಾದಿಗೆ ಒಯ್ದು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಿದವು. 1961ರಲ್ಲಿ ಮೂರು ವರ್ಷದ ಪ್ರಯೋಗವೆಂದು ಆರಂಭವಾದ ಆ ಸಂಸ್ಥೆಗೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ 2024ರಲ್ಲೂ ಜಗತ್ತಿನ 67 ಕೋಟಿಗೂ ಹೆಚ್ಚು ಜನ ಹಸಿದಿದ್ದರೆಂದು ವಿಶ್ವಸಂಸ್ಥೆಯ ಲೆಕ್ಕ. ನಮ್ಮ ಎಣ್ಣೆ ಡಬ್ಬಿಯ ಮೇಲೆ ಕೈಕುಲುಕುವ ಗುರುತು ಒತ್ತುತ್ತಿದ್ದ ಅಮೆರಿಕದ ನೆರವು ಸಂಸ್ಥೆ 2025ರ ಜುಲೈ 1ಕ್ಕೆ ಬಾಗಿಲು ಮುಚ್ಚಿತು. ಎಲ್ಲೋ ಒಂದು ಸರ್ಕಾರ ಮನಸ್ಸು ಬದಲಿಸಿದರೆ ಇನ್ನೆಲ್ಲೋ ಒಲೆ ಆರುತ್ತದೆ ಎಂಬುದು ಜಾನ್ಸನ್ನರ ಕಾಲದಷ್ಟೇ ಇಂದಿಗೂ ನಿಜ.

ರಮಾಬಾಯಿ 1922ರ ಏಪ್ರಿಲ್ 5ರಂದು ಕೇಡಗಾಂವದಲ್ಲೇ ತೀರಿಕೊಂಡರು. ಮುಕ್ತಿ ಇಂದಿಗೂ ನಡೆದಿದೆ, ನಿರ್ಗತಿಕ ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ಮನೆಯಿದೆ, ಶಾಲೆಯಿದೆ, ಆಸ್ಪತ್ರೆಯಿದೆ. ಅಲ್ಲಿಂದ ಮರಳುವಾಗ ನನ್ನ ತಲೆಯಲ್ಲಿದ್ದುದು ಬಾಯಿ ತೆರೆದು ಬೇಡಲಾರದೆ ನೆರೆಮನೆಯ ಮುಂದೆ ನಿಂತ ಆ ಹುಡುಗಿ. ಬೇಡುವುದು ಎಷ್ಟು ಕಷ್ಟವೆಂದು ಬಲ್ಲವಳ ಕೈಗೆ ಬಾಸ್ಟನ್ನಿನ ಡಾಲರು ಬಂದದ್ದರಿಂದಲೇ ಅದು ಇಂಥ ಮನೆಯಾಯಿತು ಎಂದು ನನ್ನ ನಂಬಿಕೆ.

ಮರುವಾರ ಶೆಡ್ಡಿನ ಆ ಹಿರಿಯಳ ಜೊತೆ ಹತ್ತಿರದ ರೇಷನ್ ಅಂಗಡಿಗೆ ಹೋದೆ. ಊರಿನ ಕಾರ್ಡು ಇಲ್ಲಿಯೂ ನಡೆಯುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. 2020ರ ಜನವರಿಯಿಂದ ಕರ್ನಾಟಕ, ಮಹಾರಾಷ್ಟ್ರ ಎರಡೂ ಒಂದೇ ರೇಷನ್ ಕಾರ್ಡು ವ್ಯವಸ್ಥೆಯಲ್ಲಿವೆ. ಸಿಮೆಂಟಿನಿಂದ ಸವೆದ ಬೆರಳನ್ನು ಯಂತ್ರ ಗುರುತಿಸಲಿಲ್ಲ. ಸೆರಗಿನಿಂದ ಒರೆಸಿ ಒರೆಸಿ ನಾಲ್ಕನೇ ಸಲ ಒತ್ತಿದಾಗ ಹಸಿರು ದೀಪ ಬಂತು. ಅಂಗಡಿಯವನು ಅಕ್ಕಿ, ಗೋಧಿ ತೂಗಿ ಚೀಲಕ್ಕೆ ಸುರಿದ. ಅವಳು ಚೀಲದೊಳಗೆ ಕೈ ಹಾಕಿ ಆಡಿಸಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: ‘ಜ್ವಾಳ ಕೊಡಂಗಿಲ್ಲೇನ್ರಿ ಅಣ್ಣಾರ, ಇಲ್ಲೆ?’