ರಾತ್ರಿ ಹತ್ತರ ಮೇಲೆ ಒಂದು ಹನಿ ರಕ್ತ

ಊರು ಮಲಗುವ ಹೊತ್ತು. ಆರೋಗ್ಯ ಕಾರ್ಯಕರ್ತರು ಬಾಗಿಲು ತಟ್ಟಿ, ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ಸವರಿಕೊಳ್ಳುತ್ತಾರೆ. ಹಗಲಲ್ಲಿ ಯಾಕೆ ಬರಲಿಲ್ಲ? ಆನೆಕಾಲು ರೋಗದ ಮರಿಹುಳುಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೇ ಚರ್ಮದ ಬಳಿ ಬರುತ್ತವೆ.

ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ಆರೆಂಟು ವರ್ಷ ಬದುಕುತ್ತವೆ. ನಾಳ ಕೆಟ್ಟು ಕಾಲು ಊದುತ್ತದೆ. ಗಂಡಸರಿಗೆ ವೃಷಣದ ಚೀಲದಲ್ಲಿ ನೀರು ತುಂಬಿ ಊದುವ ಹೈಡ್ರೋಸೀಲ್ ಆಗುತ್ತದೆ. ಪ್ರಾಣಕ್ಕೆ ಅಪಾಯ ಅಪರೂಪ. ಆದರೆ ಕೂಲಿ ತಪ್ಪುತ್ತದೆ, ಕೂಡಿಬಂದ ಸಂಬಂಧ ಮುರಿಯುತ್ತದೆ.

ಈ ಹುಳುಗಳ ವಿರುದ್ಧ ಡಿಇಸಿ, ಅಲ್ಬೆಂಡಜೋಲ್ ಮಾತ್ರೆಗಳು ಮೊದಲಿಂದ ಇವೆ. ಐವರ್ಮೆಕ್ಟಿನ್ ಸೇರಿಸಿದರೆ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ ಪರೀಕ್ಷಿಸಿದಾಗ ಭಾರತದಿಂದ ಪಾಲ್ಗೊಂಡದ್ದು ನಮ್ಮ ಯಾದಗಿರಿ ಜಿಲ್ಲೆ. ಸುರಕ್ಷಿತವೆಂದು ಗೊತ್ತಾಯಿತು. ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುವುದುಂಟು. ಅದು ಹೆಚ್ಚಾಗಿ ಮರಿಹುಳು ಸಾಯುತ್ತಿರುವ ಗುರುತು. ಆ ಹೆದರಿಕೆಗೆ ಮಾತ್ರೆ ಗೂಡು ಸೇರಬಾರದೆಂದೇ ಕಾರ್ಯಕರ್ತರು "ನನ್ನೆದುರೇ ನುಂಗಿ" ಎಂದು ಪಟ್ಟು ಹಿಡಿಯುತ್ತಾರೆ. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ.

ಆನೆಕಾಲಾಗಿ ದಪ್ಪಗಾದ ಕಾಲು ಮಾತ್ರೆಯಿಂದ ಮೊದಲಿನಂತಾಗದು. ದಿನಾ ಸೋಪು ಹಚ್ಚಿ ತೊಳೆದು, ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಮಲಗುವಾಗ ಕಾಲಡಿಗೆ ದಿಂಬಿಟ್ಟರೆ ಪದೇ ಪದೇ ಬರುವ ಚಳಿಜ್ವರ, ನೋವು ಕಡಿಮೆಯಾಗುತ್ತವೆ. ಹೈಡ್ರೋಸೀಲ್‌ಗೆ ಶಸ್ತ್ರಚಿಕಿತ್ಸೆ ಇದೆ. ಅದನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡು ನರಳಬೇಕಿಲ್ಲ.